ಪರದೇಶಿಯನ್ನು ವಿಚಾರಿಸುವವರು ಯಾರು

ಮನಾಮದ ಹಳೆಯ ಪೇಟೆಯಲ್ಲಿ ಬಾಡಿಗೆಗೆ ಸಿಕ್ಕ ಕೋಣೆಯ ಬೀಗದ ಕೈ ಕೊಡುವಾಗ ಮನೆಯ ಯಜಮಾನ ಹಾಜಿ ಜಾಫರ್ ನನ್ನ ಕೆಲಸವೇನೆಂದು ಕೇಳಿದರು. ಭಾಷಾಂತರದ ಆಫೀಸಿನಲ್ಲಿ ಕೆಲಸ, ಊರಿನಲ್ಲಿ ವಕೀಲಿಕೆ ಮಾಡುತ್ತಿದ್ದೆ ಎಂದೆ. ಎಂಬತ್ತರ ಹತ್ತಿರದ ಆ ಮುದುಕರು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಹಿಂದೂಸ್ತಾನದ ಕಾನೂನು ಓದಿದವಳಾ? ಆ ಕಾನೂನಿನ ಗುರುತು ನಮ್ಮಪ್ಪನ ಬೆನ್ನ ಮೇಲೆ ಸಾಯೋ ತನಕ ಇತ್ತು" ಎಂದು ಮುಂಬಯಿ ಹಿಂದಿಯಲ್ಲಿ ಹೇಳಿ, ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು. ನಾನು ಬಗ್ಗಿ ಎತ್ತಿಕೊಂಡೆ. ಬಹ್ರೇನಿನಲ್ಲಿ ನನಗೆ ಸಿಕ್ಕ ಸ್ವಾಗತ ಅದು.

ನಾನು ಕಳಸದವಳು. ಮೂಡಿಗೆರೆ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಬೇಲಿ ಜಗಳ, ದಾರಿ ತಕರಾರುಗಳನ್ನು ನೋಡಿ ನೋಡಿ ಬೇಸತ್ತು, ಹಿಂದಿಯೂ ಎಸ್ಟೇಟಿನ ಮಕ್ಕಳ ಜೊತೆ ಆಡಿ ಕಲಿತ ಮಲಯಾಳವೂ ಇದೆಯೆಂಬ ಧೈರ್ಯದ ಮೇಲೆ ಹೊರಟವಳು. ನಮ್ಮ ಕಡೆ ಹೊಸಬರು ಬಂದರೆ "ನೀವು ಯಾರ ಪೈಕಿ?" ಎಂದು ಕೇಳುತ್ತಾರೆ. ಅಲ್ಲಿ ಕೇಳುವುದು "ನಿನ್ನ ಕಫೀಲ್ ಯಾರು?" ಎಂದು. ಕಫೀಲ್ ಎಂದರೆ ಪರದೇಶಿಗೆ ಜವಾಬುದಾರನಾಗಿ ನಿಂತ ಯಜಮಾನ. ಅಂಗಡಿಯವನು, ಸಿಮ್ ಕೊಡುವವನು, ಆಸ್ಪತ್ರೆಯ ಕಿಟಕಿಯ ಹಿಂದಿನ ಹುಡುಗಿ, ಎಲ್ಲರಿಗೂ ಮೊದಲು ಬೇಕಾದ್ದು ಅದೇ. ನನ್ನ ಹೆಸರು ಆಮೇಲೆ.

ಮೊದಲ ತಿಂಗಳುಗಳಲ್ಲಿ ಆ ಊರಿನ ಮೇಲೆ ನನಗೆ ಬರೀ ಸಿಟ್ಟಿತ್ತು. ಬೆಳಿಗ್ಗೆಯೇ ಮುಖಕ್ಕೆ ಬಡಿಯುವ ಬಿಸಿ ಗಾಳಿ, ನಲ್ಲಿಯಲ್ಲಿ ಬರುವ ಉಪ್ಪು ನೀರು. ಆಫೀಸಿನಲ್ಲಿ 'ಗಹ್ವಾ' ಎಂದು ಕೊಟ್ಟ ಕಾಫಿಯಂತೂ ಅರಿಶಿನದ ಕಷಾಯದಂತಿತ್ತು. ಹಾಲಿಲ್ಲ, ಬೆಲ್ಲವಿಲ್ಲ, ಬೀಜವನ್ನು ಸರಿಯಾಗಿ ಹುರಿದೂ ಇಲ್ಲ. ಕಾಫಿ ನಾಡಿನವಳಾದ ನಾನು ಅದನ್ನು ಅವಮಾನವೆಂದೇ ಕುಡಿದೆ. ಮನೆಯಲ್ಲಿ ಹಾಜಿಯವರ ಕಾಟ. ತಾರಸಿಯಲ್ಲಿ ಒಣಹಾಕಿದ ಬಟ್ಟೆ ಸಂಜೆಯೊಳಗೆ ಉಂಡೆಯಾಗಿ ನನ್ನ ಬಾಗಿಲ ಮುಂದೆ ಬಿದ್ದಿರುತ್ತಿತ್ತು. ಸ್ನಾನಕ್ಕೆ ಹೋದರೆ ನೀರಿನ ಮೋಟಾರು ನಿಲ್ಲುತ್ತಿತ್ತು. ಕೋಣೆ ಬಾಡಿಗೆಗೆ ಕೊಟ್ಟವನು ಅವರ ಮಗ, ಅವರಿಗೆ ಇಷ್ಟವಿರಲಿಲ್ಲ.

ಒಂದೇ ಸಮಾಧಾನವೆಂದರೆ ಕೋರ್ಟು. ಹಿಂದಿ, ಮಲಯಾಳದವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸಕ್ಕೆಂದು ಅಲ್ಲಿ ಹೋಗಿ ಕೂತರೆ ಗೊತ್ತಿಲ್ಲದ ಅರಬ್ಬಿಯ ನಡುವೆ ಗೊತ್ತಿರುವ ಮಾತುಗಳು ಕೇಳುತ್ತಿದ್ದವು. ಕಾನೂನು, ವಕೀಲ, ಹಾಜರಿ. ಮೂಡಿಗೆರೆಯಲ್ಲಿ ದಿನಾ ಆಡುತ್ತಿದ್ದ ಮಾತುಗಳಿಗೆ ತವರುಮನೆ ಇದು ಎಂದು ತಿಳಿದ ದಿನ ಯಾರಿಗಾದರೂ ಹೇಳಬೇಕೆನಿಸಿತು. ಕನ್ನಡ ಬರುವವರು ಯಾರೂ ಇರಲಿಲ್ಲ.

ಆಫೀಸಿನ ಸೇಠರು ಗುಜರಾತಿ. ನಾಲ್ಕು ತಲೆಮಾರಿನಿಂದ ಅಲ್ಲೇ ವ್ಯಾಪಾರ. ಹಾಜಿಯವರ ಮಾತನ್ನು ಹೇಳಿದಾಗ ಅವರು ನಕ್ಕು ಹಳೆಯ ಕಾಲವನ್ನು ಬಿಚ್ಚಿದರು. ಆಗ ಬಹ್ರೇನ್ ಬ್ರಿಟಿಷರ ರಕ್ಷಣೆಯಲ್ಲಿತ್ತು. ಆಳುವ ಶೇಖ್‌ಗಳಿದ್ದರು, ನ್ಯಾಯ ಹೇಳುವ ಅವರ ಕಾಜಿಗಳೂ ಇದ್ದರು. ಆದರೆ ಪರದೇಶಿ ಎನಿಸಿಕೊಂಡವನನ್ನು ಅವರು ವಿಚಾರಿಸುವಂತಿರಲಿಲ್ಲ; ಅವನ ಮೊಕದ್ದಮೆ ಬ್ರಿಟಿಷರ ಪ್ರತಿನಿಧಿಯಾದ ಏಜೆಂಟನ ಕಚೇರಿಗೆ ಹೋಗಬೇಕು. ಏಜೆಂಟನಿಗೆ ಅಪ್ಪಣೆ ಬರುತ್ತಿದ್ದುದು ಹಿಂದೂಸ್ತಾನದ ಸರ್ಕಾರದಿಂದ. ಹಾಗಾಗಿ ಅಲ್ಲಿ ನಡೆಯುತ್ತಿದ್ದುದು ನಮ್ಮ ಪೀನಲ್ ಕೋಡೇ.

"ನಮ್ಮ ತಾತನನ್ನ ಇಲ್ಲಿಯವರು ಮುಟ್ಟೋ ಹಾಗೇ ಇರಲಿಲ್ಲ. ಆ ಮರ್ಯಾದೆ ಈಗೆಲ್ಲಿದೆ ಹೇಳು" ಎಂದರು ಸೇಠರು.

ನಿಜ ಹೇಳುತ್ತೇನೆ, ಕೇಳಿ ನನಗೆ ಹೆಮ್ಮೆಯಾಯಿತು. ನಾನು ಓದಿದ ಪುಸ್ತಕ ಸಮುದ್ರ ದಾಟಿ ಬಂದು ಇಲ್ಲಿ ದರ್ಬಾರು ಮಾಡಿತ್ತಲ್ಲ ಎಂದು. ಆ ಧೈರ್ಯದಲ್ಲೇ ಒಂದು ಸಂಜೆ, ಬಾಗಿಲ ಮುಂದಿನ ಬೆಂಚಿನಲ್ಲಿ ಕೂತಿದ್ದ ಹಾಜಿಯವರನ್ನು ನೇರವಾಗಿ ಕೇಳಿದೆ. "ನಿಮ್ಮಪ್ಪನಿಗೆ ಹೊಡೆಸಿದ್ದು ಇಂಗ್ಲಿಷರು. ನನ್ನ ಮೇಲೆ ಯಾಕೆ ಸಿಟ್ಟು?"

"ಇಂಗ್ಲಿಷಿನವ ಕುರ್ಚಿ ಮೇಲೆ ಕೂತಿದ್ದ, ಅಷ್ಟೇ. ಶಿಕ್ಷೆ ಓದಿ ಹೇಳಿದ ಗುಮಾಸ್ತ ನಿಮ್ಮವನು. ಕೈ ಹಿಡಿದ ಪೋಲೀಸು ನಿಮ್ಮವನು. ಕಲಮು ನಿಮ್ಮದು. ಆಮೇಲೆ ಹಾಕಿದ ಜೈಲೂ ನಿಮ್ಮ ಬಾಂಬೇದು. ನಾನಾಡೋ ಈ ಹಿಂದಿ ಅಪ್ಪ ಆ ಜೈಲಿಂದ ತಂದಿದ್ದು."

ಅವರ ತಾತ ಪರ್ಷಿಯಾದ ಕರಾವಳಿಯಿಂದ ಬಂದವರು. ಅಪ್ಪ ಹುಟ್ಟಿದ್ದು ಮನಾಮದಲ್ಲೇ. ಹಿಂದೂಸ್ತಾನಿ ವ್ಯಾಪಾರಿಯೊಬ್ಬನ ಜೊತೆ ಪೇಟೆಯಲ್ಲಿ ಹೊಡೆದಾಟವಾದಾಗ ಏಜೆಂಟನ ಕಚೇರಿ ಅವರನ್ನು ಪರದೇಶಿ ಎಂದಿತು. ನಾನು ಇಲ್ಲಿಯವನು, ನನ್ನನ್ನು ಕಾಜಿಯ ಹತ್ತಿರ ಕಳಿಸಿ ಎಂದು ಅವರು ಅಂಗಲಾಚಿದರಂತೆ. ಕೇಳಲಿಲ್ಲ.

ಸುಮ್ಮನಿರಲಾಗದೆ ನಮ್ಮೂರಿನ ಕಥೆ ಹೇಳಿದೆ. ಬಾಳೂರಿನ ಕಡೆಯ ತೋಟದಲ್ಲಿ ಬಿಳಿಯ ದೊರೆಯೊಬ್ಬ ಬಂದೂಕಿನಿಂದ ಆಳೊಬ್ಬನ ಕಾಲು ಹಾರಿಸಿದ್ದನೆಂದು ನಮ್ಮಜ್ಜ ಹೇಳುತ್ತಿದ್ದರು. ಸೀಮೆ ಮೈಸೂರು ಮಹಾರಾಜರದು, ಆದರೆ ಬಿಳಿಯನನ್ನು ಮಹಾರಾಜರ ಕೋರ್ಟು ವಿಚಾರಿಸುವಂತಿರಲಿಲ್ಲ. ವಿಚಾರಣೆ ಮಾಡಿದವನು ಇನ್ನೊಬ್ಬ ಬಿಳಿಯ. ದೊರೆ ಸಂಜೆಯ ಹೊತ್ತಿಗೆ ಬಂಗಲೆಗೆ ವಾಪಸು ಬಂದಿದ್ದನಂತೆ.

ನಮ್ಮಿಬ್ಬರದೂ ಒಂದೇ ಗಾಯ ಎಂದು ಮುದುಕರು ಕರಗುತ್ತಾರೆಂದುಕೊಂಡಿದ್ದೆ. ಅವರು ಕೋಲು ಊರಿಕೊಂಡು ಎದ್ದರು. "ಹಾಗಿದ್ರೆ ಆ ಕಾನೂನು ಎಂಥದ್ದಂತ ನಿನಗೆ ಗೊತ್ತಿರಬೇಕಿತ್ತು" ಎಂದರು.

ಅದಾಗಿ ಸ್ವಲ್ಪ ಕಾಲಕ್ಕೆ ಗಿರಿಜಾಳ ಫೋನು ಬಂತು. "ಅಕ್ಕಾ, ನಾನು ಬಾಳೂರವಳು. ನಿಮ್ಮ ತಮ್ಮ ನಮ್ಮ ಎಸ್ಟೇಟಲ್ಲೇ ಲೆಕ್ಕ ಬರೆಯೋ ರೈಟರ್ ಅಲ್ವಾ, ಅವ್ರ ಹತ್ರ ನಂಬರ್ ಇಸ್ಕೊಂಡೆ." ಮನೆಗೆಲಸಕ್ಕೆಂದು ಬಂದಿದ್ದಳು. ಮನೆಯೊಡತಿ ಪಾಸ್‌ಪೋರ್ಟು ಇಟ್ಟುಕೊಂಡು, ಕೈ ಮಾಡತೊಡಗಿದ ಮೇಲೆ, ಕಸ ಹಾಕಲು ಹೋದವಳು ಹಾಗೇ ನಡೆದುಬಿಟ್ಟಿದ್ದಳು. ಈಗ ಬಸ್ ನಿಲ್ದಾಣದಲ್ಲಿ ಕೂತಿದ್ದಳು.

ಕಫೀಲ್ ಬಿಟ್ಟು ಓಡಿದವಳನ್ನು ಮನೆಯಲ್ಲಿಟ್ಟುಕೊಂಡರೆ ಇಟ್ಟುಕೊಂಡವರಿಗೂ ಶಿಕ್ಷೆ. ಅದು ನನಗೆ ಗೊತ್ತಿತ್ತು. ಸೇಠರಿಗೆ ಫೋನು ಮಾಡಿದೆ. "ಆ ಗಲಾಟೆ ನಮಗೆ ಬೇಡ, ಅವಳನ್ನ ವಾಪಸು ಕಳಿಸು" ಎಂದರು. ಹೋಗಿ ಕರೆದುಕೊಂಡು ಬಂದೆ. ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ಅನ್ನ ಸಾರು ಬಡಿಸಿದರೆ ಮೊದಲ ತುತ್ತಿಗೇ ಅಳತೊಡಗಿದಳು. "ಇಲ್ಲಿ ಕೋರ್ಟ್ ಇಲ್ವಾ ಅಕ್ಕಾ? ನೀವು ಲಾಯರ್ ಅಲ್ವಾ?" ಎಂದು ಕೇಳಿದಳು. ಇಲ್ಲಿ ನನ್ನ ಸನ್ನದು ನಡೆಯುವುದಿಲ್ಲ ಮಾರಾಯ್ತಿ ಎಂದು ಹೇಗೆ ಹೇಳುವುದು? ಹಳೆಯ ಏಜೆಂಟನ ಕಚೇರಿ ಈಗಲೂ ಇದ್ದಿದ್ದರೆ ಎಂದು ಆ ಘಳಿಗೆಯಲ್ಲಿ ನಾನೂ ಆಸೆಪಟ್ಟೆ. ಕೆಳಗೆ ಹಾಜಿಯವರ ಕೆಮ್ಮು ಕೇಳಿಸಿತು, ಆಸೆಗೆ ನಾಚಿಕೆಯಾಯಿತು.

ಮರುದಿನವೇ ಅವರಿಗೆ ಗೊತ್ತಾಯಿತು. ಬಾಗಿಲು ತಟ್ಟದೆ ತೆರೆದು, ಮೂಲೆಗೆ ಸರಿದ ಗಿರಿಜಾಳನ್ನು ನೋಡಿದರು.

"ಯಾರು ಹೊಡೆದಿದ್ದು?"

"ಅವಳ ಮನೆಯೊಡತಿ" ಎಂದೆ.

"ಬಚ್ಚಿಟ್ಟರೆ ಕಳ್ಳಿಯಾಗ್ತಾಳೆ. ಎಬ್ಬಿಸು. ಠಾಣೆಗೆ ಹೋಗೋಣ."

ಒಪ್ಪಿಸಿ ಬರಲು ಕರೆಯುತ್ತಿದ್ದಾರೆಂದೇ ತಿಳಿದೆ. ಬೇರೆ ದಾರಿಯಿರಲಿಲ್ಲ, ಹೋದೆವು. ಠಾಣೆಯಲ್ಲಿ ಹಾಜಿಯವರು ಕುರ್ಚಿ ಕೊಟ್ಟರೂ ಕೂರಲಿಲ್ಲ. ನಿಧಾನವಾಗಿ, ಅಷ್ಟರಲ್ಲಿ ಅಲ್ಪಸ್ವಲ್ಪ ಕಲಿತಿದ್ದ ನನಗೂ ಅರ್ಥವಾಗುವಂಥ ಅರಬ್ಬಿಯಲ್ಲಿ ಹೇಳಿದರು: ಈ ಹುಡುಗಿ ನನ್ನ ಮನೆಯಲ್ಲಿದ್ದಾಳೆ, ಅಡಗಿಲ್ಲ, ನಾನೇ ಕರೆತಂದಿದ್ದೇನೆ. ಪಾಸ್‌ಪೋರ್ಟು ಇಟ್ಟುಕೊಳ್ಳುವುದು ನಮ್ಮ ಕಾನೂನಿನಲ್ಲಿ ತಪ್ಪು. ಕೆನ್ನೆ ನೋಡಿ, ಬರೆದುಕೊಳ್ಳಿ.

ಮನೆಯೊಡತಿಯನ್ನು ಕರೆಸಿದರು. ಅವಳು ಬಂದವಳೇ ಗಿರಿಜಾ ಕಳ್ಳಿ ಎಂದಳು. ಏನು ಕದ್ದಳು ಎಂದು ಅಧಿಕಾರಿ ಕೇಳಿದಾಗ ಅವಳ ಸಿಟ್ಟು ಹಾಜಿಯವರ ಮೇಲೆ ತಿರುಗಿತು. "ಅಜಮಿ, ನಿನಗ್ಯಾಕೆ ನಮ್ಮ ಉಸಾಬರಿ?" ಎಂದಳು. ಅಜಮಿ ಎಂದರೆ ಪರ್ಷಿಯಾ ಮೂಲದವನು. ಮೂರು ತಲೆಮಾರಾದರೂ, ಆ ಬಾಯಲ್ಲಿ ಅವರು ಹೊರಗಿನವರೇ. ಅಧಿಕಾರಿ ತಲೆ ತಗ್ಗಿಸಿದ. ಪಾಸ್‌ಪೋರ್ಟು ಮೇಜಿನ ಮೇಲೆ ಬರುವ ತನಕ ಹಾಜಿಯವರು ಅಲ್ಲಿಂದ ಕದಲಲಿಲ್ಲ.

ಗಿರಿಜಾ ಆ ವಾರವೇ ಊರಿಗೆ ಹೋದಳು. ಕೃತಜ್ಞತೆ ಹೇಳಲು ಹಾಜಿಯವರ ಬಾಗಿಲಿಗೆ ಹೋದೆ. ಒಳಗೆ ಕರೆಯಲಿಲ್ಲ.

"ಅವಳಿಗಾಗಿ ಬಂದೆ, ನಿನಗಾಗಿ ಅಲ್ಲ. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು."

ಮಾಡಿದೆ. ಈಗ ಬೇರೆ ಬೀದಿಯಲ್ಲಿದ್ದೇನೆ. ಪೇಟೆಯಲ್ಲಿ ಎದುರಾದರೆ ಅವರು ದಾರಿಯ ಆ ಬದಿಗೆ ಹೋಗುತ್ತಾರೆ. ನನಗೀಗ ಕೋಪ ಬರುವುದಿಲ್ಲ.

ಕಳೆದ ಸುಗ್ಗಿಯಲ್ಲಿ ರಜೆಗೆ ಊರಿಗೆ ಬಂದಿದ್ದೆ. ಕಾಫಿ ಹಣ್ಣಿನ ಕೊಯ್ಲು ಜೋರಾಗಿತ್ತು. ಈಗ ನಮ್ಮ ತೋಟಗಳಲ್ಲಿ ಕೊಯ್ಯುವವರು ಹೆಚ್ಚಾಗಿ ಅಸ್ಸಾಮಿನ ಕಡೆಯವರು. ತಮ್ಮನ ಜೊತೆ ಬಾಳೂರಿಗೆ ಹೋಗಿ ಎಸ್ಟೇಟ್ ಆಫೀಸಿನಲ್ಲಿ ಕೂತಿದ್ದಾಗ, ಪೆನ್ನಿಗಾಗಿ ಅವನು ಡ್ರಾಯರ್ ಎಳೆದ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಆಧಾರ್ ಕಾರ್ಡುಗಳ ಕಟ್ಟು.

"ಇದೇನೋ?"

"ಆಳುಗಳದ್ದು. ಇಟ್ಕೊಳ್ದಿದ್ರೆ ಕೊಯ್ಲು ಅರ್ಧಕ್ಕೇ ಬಿಟ್ಟು ಓಡ್ತಾರೆ ಅಕ್ಕಾ. ಯಜಮಾನ್ರೇ ಹೇಳಿದ್ದು."

"ವಾಪಸ್ ಕೊಡು."

"ನಮ್ಮೂರಿನ ಕಷ್ಟ ನಿಂಗೆ ಗೊತ್ತಿಲ್ಲ ಬಿಡು. ನೀನೀಗ ಹೊರಗಿನೋರ ಥರ ಮಾತಾಡ್ತೀಯ."

ಮಾತಿಗೆ ಮಾತು ಬೆಳೆಯಿತು. ಇದು ಅಪರಾಧ, ಕೇಸು ಹಾಕುತ್ತೇನೆ ಎಂದೆ. "ತಮ್ಮನ ಮೇಲೆ ಹಾಕ್ತೀಯಾ, ಹಾಕು ಮಾರಾಯ್ತಿ" ಎಂದು ಡ್ರಾಯರ್ ನೂಕಿದ. ನಾನು ಮತ್ತೆ ಎಳೆದು, ಕಟ್ಟನ್ನು ತೆಗೆದುಕೊಂಡು ಹೊರಗೆ ಕಣಕ್ಕೆ ಹೋದೆ. ಅವನು ತಡೆಯಲಿಲ್ಲ, ಹಿಂದೆಯೂ ಬರಲಿಲ್ಲ. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಕಣದಲ್ಲಿ ಒಬ್ಬೊಬ್ಬರ ಹೆಸರನ್ನೂ ಓದಿ ಕಾರ್ಡು ಕೊಟ್ಟೆ. ಇದರಲ್ಲಿ ಏನೋ ಮೋಸವಿದೆ ಎಂಬಂತೆ ನನ್ನನ್ನು ನೋಡುತ್ತ ತೆಗೆದುಕೊಂಡರು. ಕೊನೆಯವಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಹೆಂಗಸು, ಕಾರ್ಡನ್ನು ರವಿಕೆಯೊಳಗೆ ಸೇರಿಸಿಕೊಂಡು ಹಿಂದಿಯಲ್ಲಿ ಕೇಳಿದಳು: "ನೀವು ಇಲ್ಲಿಯವರಾ, ಮೇಡಂ?"

ರಜೆಗೆ ಬಂದಿದ್ದೇನೆ, ಎಂದೆ.