ಭಾವನ ಆಸಿಡ್, ಅಕ್ಕನ ಆಟ

ಆಸಿಡ್ ಬಾಟಲಿ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬಾಟಲಿ ಏನು ಮಾಡೀತು ಪಾಪ. ಮಾಡಿದ್ದೆಲ್ಲ ನಮ್ಮ ಭಾವ. ಭಾವ ಎಂದರೆ ಅಕ್ಕನ ಗಂಡ, ಲಾರಿ, ಕಾರುಗಳ ರೇಡಿಯೇಟರ್ ರಿಪೇರಿ ಮಾಡುವವರು. ಒಳ್ಳೆಯವರು. ಕೆಟ್ಟವರ ಮೇಲೆ ಸಿಟ್ಟು ಬಂದರೆ ಬೈದು ಕೈ ತೊಳೆದುಕೊಳ್ಳಬಹುದು. ಒಳ್ಳೆಯವರ ಮೇಲೆ ಬಂದ ಸಿಟ್ಟು ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ, ಒಳಗೂ ಹೋಗದು, ಹೊರಗೂ ಬಾರದು.

ಭಾವನ ಅಂಗಡಿ ಒಂದು ತಗಡಿನ ಶೆಡ್ಡು. ನಡುವೆ ಎಮ್ಮೆ ಮಲಗುವಷ್ಟು ದೊಡ್ಡ ನೀರಿನ ತೊಟ್ಟಿ. ರೇಡಿಯೇಟರ್ ಎಲ್ಲಿ ಸೋರುತ್ತದೋ ಅಲ್ಲಿ ಆಸಿಡ್ ಸವರಿ ಕಿಲುಬು ತೆಗೆಯುತ್ತಾರೆ, ಕಾದ ಕಬ್ಬಿಣ ಇಟ್ಟು ಬೆಸುಗೆ ಹಾಕುತ್ತಾರೆ. ಬೆಸುಗೆ ಬೆಳ್ಳಿಯ ಹಾಗೆ ಮಿಂಚಬೇಕು. "ಹೊಳೆದರೆ ಹಿಡೀತು ಅಂತ" ಅನ್ನುವುದು ಅವರ ಮಂತ್ರ. ಆಮೇಲೆ ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬುತ್ತಾರೆ. ನೀರಲ್ಲಿ ಗುಳ್ಳೆ ಏಳದಿದ್ದರೆ ಕೆಲಸ ಮುಗಿಯಿತು. ಸವರು, ಬೆಸೆ, ಮುಳುಗಿಸು. ಮೀಸೆ ಮೂಡುವ ಮೊದಲು ಕಲಿತ ವಿದ್ಯೆ, ಈಗ ಆ ಮೀಸೆ ನರೆತಿದೆ. ಬೇರೆ ವಿದ್ಯೆ ಅವರಿಗೆ ಬೇಕಾಗಿಯೂ ಇರಲಿಲ್ಲ.

ಅಕ್ಕ ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಹೆಂಗಸರ ಮೇಲೆ ಮೇಲ್ವಿಚಾರಕಿ. ಬಾಯಿ ಜೋರು, ನಮ್ಮ ಮನೆತನದ ಬಾಯಿ. ಸಂಜೆ ಇಬ್ಬರೂ ಕೆಲಸದಿಂದ ಬಂದು ಟಿವಿ ಮುಂದೆ ಕೂತು ಒಂದು ಹಳೇ ವಿಡಿಯೋ ಗೇಮ್ ಆಡುತ್ತಿದ್ದರು. ಬೈಕ್ ರೇಸು. ಗೆಲ್ಲುವುದು ಅಕ್ಕ, "ಇನ್ನೊಂದೇ ಒಂದು ಸಲ" ಅನ್ನುವುದು ಭಾವ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರದು ಬೈಕು ಗೆರೆ ದಾಟುವ ತನಕ.

ಅಂಥ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗಾಲು, ಬಲಗೈ ಬಿದ್ದುಹೋದವು. ಬಾಯಿ ಬೀಳಲಿಲ್ಲ, ಅದೊಂದು ಪುಣ್ಯ. ಮನೆಗೆ ಬಂದು ವ್ಯಾಯಾಮ ಮಾಡಿಸುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, "ಬಲಗೈಲಿ ಹಿಸುಕಿ ಆಂಟಿ" ಅಂದಳು. ಅಕ್ಕ ಅದನ್ನು ಎಡಗೈಲಿ ಎತ್ತಿ ಗೋಡೆಗೆ ಬೀಸಿದಳು.

"ನಾನೇನು ತೊಟ್ಟಿಲ ಕೂಸೇನೇ? ಚೆಂಡು ಕೊಡ್ತಾಳಂತೆ ಚೆಂಡು!"

ಒಂದು ದಿನ ಭಾವ ಅವಳನ್ನು ಟಿವಿ ಇರುವ ಹಾಲಿಗೆ ಎತ್ತಿ ತಂದು, ದಿಂಬಿಗೆ ಒರಗಿಸಿ, ಗೇಮಿನ ರಿಮೋಟನ್ನು ಕೈಗಿಟ್ಟರು. ಬೈಕು ಓಡಿಸುವ ಗುಂಡಿ ಬಲ ಹೆಬ್ಬೆರಳಿಗೆ. ಚೆಂಡಿಗೆ ಜಗ್ಗದ ಬೆರಳು ಬೈಕಿಗೆ ಜಗ್ಗಿತು. ಸ್ವಲ್ಪವೇ, ಆದರೂ ಅಲುಗಿತು. ವ್ಯಾಯಾಮದ ಹುಡುಗಿ ಕಣ್ಣರಳಿಸಿ, "ಇದನ್ನ ಮಾತ್ರ ನಿಲ್ಲಿಸಬೇಡಿ ಅಂಕಲ್, ದಿನಾ ಆಡಿಸಿ. ನಿಂತರೆ ಬೆರಳು ಬಿಗಿದುಕೊಂಡು ಬಿಡುತ್ತೆ" ಅಂದಳು.

ಆದರೆ ಕೂತರೆ ಅಕ್ಕನಿಗೆ ಬೆನ್ನು ಸೀಳುವ ನೋವು. ಟಿವಿಯನ್ನೇ ಒಳಗೆ ತರೋಣ ಅಂದೆ. ಒಳಕೋಣೆ ಎಂದರೆ ಒಂದು ಮಂಚ, ಒಂದು ಕಪಾಟು, ಉಳಿದದ್ದು ಬಾಗಿಲು. ಅಂಗಡಿಯಿಂದ ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ತಂದುಕೊಟ್ಟೆ. ಗುಂಡಿಗಳು ಸಾಸಿವೆ ಕಾಳಿನಷ್ಟು. "ಇದರಲ್ಲಿ ನನ್ನ ಬೈಕೆಲ್ಲೋ?" ಅಂತ ಅಕ್ಕ ಅದನ್ನು ಹಾಸಿಗೆಯಿಂದಾಚೆ ತಳ್ಳಿದಳು.

ಆಗ ಭಾವನ ತಲೆಗೆ ಹುಳ ಹೊಕ್ಕಿತು. ಹಳೇ ಗೇಮಿನ ಹೊಟ್ಟೆಯೊಳಗಿನ ಬೋರ್ಡನ್ನೇ ಕಿತ್ತು, ಅದಕ್ಕೊಂದು ಚಿಕ್ಕ ಪರದೆ, ಒಂದು ಬ್ಯಾಟರಿ, ರಿಮೋಟಿನ ಗುಂಡಿಗಳನ್ನು ಬೆಸೆದು, ಎಲ್ಲ ಒಂದೇ ಡಬ್ಬಿಯಲ್ಲಿ ಕೂರಿಸಿದರೆ? ಮಲಗಿದಲ್ಲೇ ಹೊಟ್ಟೆ ಮೇಲಿಟ್ಟುಕೊಂಡು ಆಡಬಹುದು. ಮೊಬೈಲಿನಲ್ಲಿ ಯಾವನೋ ಹಾಗೆ ಮಾಡಿದ್ದನ್ನು ನೋಡಿದ್ದರಂತೆ.

ನನಗೆ ಇದು ಗೊತ್ತಾದದ್ದು ಬಾಡಿಗೆ ಮುಗಿಸಿ ಬಂದು ನನ್ನ ಟೆಂಪೋ ನಿಲ್ಲಿಸಿ ಮನೆಯೊಳಗೆ ಕಾಲಿಟ್ಟಾಗ. ಊಟದ ಮೇಜಿನ ಮೇಲೆ ಗೇಮು ಮೈ ಬಿಚ್ಚಿ ಬಿದ್ದಿದೆ. ಪಕ್ಕದಲ್ಲಿ ಭಾವ, ಕೈಯಲ್ಲಿ ಕಬ್ಬಿಣ ಕುಯ್ಯುವ ಗರಗಸ.

"ಭಾವ! ಏನ್ ಮಾಡ್ತಾ ಇದೀರಿ?"

"ಬೋರ್ಡು ಅಗಲ ಜಾಸ್ತಿ ಆಯ್ತು ಕಣೋ. ಈ ವಿಡಿಯೋದವನು ಅಂಚು ಕುಯ್ದು ಚಿಕ್ಕದು ಮಾಡಿದ್ದಾನೆ."

"ಅವನು ಕುಯ್ತಾನೆ, ಅವನ ಮನೇಲಿ ಹತ್ತಿರ್ತಾವೆ! ಇರೋದೊಂದು ಗೇಮು. ಇದು ಸತ್ತರೆ ಅಕ್ಕನ ಕೈ ಸತ್ತ ಹಾಗೆ. ರೇಡಿಯೇಟರ್ ಬಡಿಯೋರು ರೇಡಿಯೇಟರ್ ಬಡಿಯಿರಿ!"

ಗರಗಸ ಕಿತ್ತುಕೊಂಡೆ. ಒಳಗಿಂದ ಅಕ್ಕ ಕೂಗಿದಳು, "ಯಾರದು, ಪಟಾಕೀನಾ? ಬರ್ತಿದ್ದ ಹಾಗೇ ಸಿಡೀತಾ?" ಪಟಾಕಿ ಅಂದರೆ ನಾನು. ಚಿಕ್ಕಂದಿನಿಂದ ಅದೇ ಹೆಸರು.

ಕುಯ್ಯುವುದು ಬೇಡ, ದೊಡ್ಡ ಡಬ್ಬಿ ಹುಡುಕಿ ಅಂದೆ. ಭಾವ ತಾವು ಕೆಲಸಕ್ಕೆ ಊಟ ಒಯ್ಯುವ ಪ್ಲಾಸ್ಟಿಕ್ ಡಬ್ಬಿ ತಂದರು. ಬೋರ್ಡು ಸರಿಯಾಗಿ ಕೂತಿತು. ಪರದೆ ಕಾರಿನದು, ಹಿಂದಕ್ಕೆ ತೆಗೆಯುವಾಗ ಹಿಂದಿನ ದಾರಿ ತೋರಿಸುತ್ತದಲ್ಲ, ಅದು. ಬ್ಯಾಟರಿಗೆ ಮೊದಲು ಸ್ಕೂಟರಿನ ಬ್ಯಾಟರಿ ಎತ್ತಿ ತಂದಿದ್ದರು. "ಹೊಟ್ಟೆ ಮೇಲೆ ಇದನ್ನಿಟ್ಟರೆ ಅಕ್ಕ ಮಂಚದಿಂದ ಏಳೋದೇ ಇಲ್ಲ" ಅಂತ ನಾನು ರೇಗಿದ ಮೇಲೆ ಚಪ್ಪಟೆಯದೊಂದು ತಂದರು.

ಕಲಿಯಲು ಅಂತ ಮೊದಲು ಸತ್ತ ರೇಡಿಯೋಗಳ ಬೋರ್ಡುಗಳನ್ನು ತಂದು ಸುಟ್ಟರು. ಅವರ ಕೈ ಸುತ್ತಿಗೆಗೆ ಪಳಗಿದ್ದು. ಅಕ್ಕಿ ಕಾಳಿನಷ್ಟು ಜಾಗಕ್ಕೆ ನೆಲ್ಲಿಕಾಯಿಯಷ್ಟು ಬೆಸುಗೆ ಬೀಳುತ್ತಿತ್ತು. ವಿಡಿಯೋದವನು ಮಾತ್ರ ಹಲ್ಲು ಕಿರಿಯುತ್ತಾ "ನೋಡಿ, ಎಷ್ಟು ಸುಲಭ" ಅನ್ನುತ್ತಿದ್ದ. ಅವನು ಎದುರಿಗಿದ್ದಿದ್ದರೆ ಆ ಹಲ್ಲುಗಳ ಗತಿ ಬೇರೆ ಆಗುತ್ತಿತ್ತು.

ಅವನೇ ಹೇಳಿದ್ದ, ಬೋರ್ಡಿನ ಬೆಸುಗೆಗೆ ಅಂತ ಮೇಣದ ಹಾಗಿರುವ ಪೇಸ್ಟ್ ಬರುತ್ತೆ, ಅದನ್ನೇ ಹಚ್ಚಿ ಅಂತ. ಭಾವ ಹಚ್ಚಿಯೂ ನೋಡಿದರು. ಬೆಸುಗೆ ಮಂಕಾಗಿ ಕಂಡಿತು. ಅವರ ಮಂತ್ರ ಕೆಟ್ಟಿತು. ಯಾರಿಗೂ ಹೇಳದೆ ಅಂಗಡಿಯ ಆಸಿಡ್ ಬಾಟಲಿ ಮನೆಗೆ ತಂದು, ಕಡ್ಡಿಯಲ್ಲಿ ಅದ್ದಿ ಅದ್ದಿ ಸವರಿದರು. ಬೆಸುಗೆ ಬೆಳ್ಳಿಯ ಹಾಗೆ ಮಿಂಚಿತು. ನನಗೂ ತೋರಿಸಿದರು, ನಾನೂ ಭೇಷ್ ಅಂದೆ. ನನಗೇನು ಗೊತ್ತು ಮಣ್ಣು.

ಗೇಮು ಓಡಿತು! ಅಕ್ಕ ಮಲಗಿದಲ್ಲೇ ಡಬ್ಬಿಯನ್ನು ಹೊಟ್ಟೆಗಿಟ್ಟು, ಬಲ ಹೆಬ್ಬೆರಳನ್ನು ಗುಂಡಿಗಿಟ್ಟು, ಮೊದಲ ದಿನವೇ ಮೂರು ಬೈಕುಗಳನ್ನು ಹಿಂದೆ ಹಾಕಿದಳು. ಬರುಬರುತ್ತಾ ಹೆಬ್ಬೆರಳ ಜೊತೆ ತೋರುಬೆರಳೂ ಎದ್ದಿತು. ಚಮಚ ಹಿಡಿದು ತಿಂದಳು, ಅರ್ಧ ಸೀರೆಯ ಮೇಲೆ ಚೆಲ್ಲಿದರೂ ತಾನೇ ತಿಂದಳು. ಭಾವ ಅಂಗಡಿಗೆ ಬರುವ ಪ್ರತಿ ಡ್ರೈವರಿಗೂ ಈ ಕಥೆ ಹೇಳಿದರು.

ಆಮೇಲೆ ಪರದೆಯಲ್ಲಿ ಗೆರೆ ಬಂದವು. ಬೈಕಿಗೆ ಒಂದೇ ಚಕ್ರ ಉಳಿಯಿತು. ಒಂದು ಬೆಳಿಗ್ಗೆ ಪೂರ್ತಿ ಕಪ್ಪು. ಭಾವ ಅಕ್ಕನಿಗೆ "ಬ್ಯಾಟರಿ ಚಾರ್ಜಿಗೆ ಹಾಕಿದ್ದೀನಿ" ಅಂತ ಸುಳ್ಳು ಹೇಳಿ, ಡಬ್ಬಿಯನ್ನು ನನ್ನ ಟೆಂಪೋದಲ್ಲಿಟ್ಟು, ಬೀದಿ ತುದಿಯ ಮೊಬೈಲ್ ರಿಪೇರಿಯವನ ಹತ್ತಿರ ಕರೆದುಕೊಂಡು ಹೋಗು ಅಂದರು. ಅವನು ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಾನೆ, ನಾವು ಕರೆಯುವುದೂ ಭೂತಗನ್ನಡಿ ಎಂದೇ.

ಡಬ್ಬಿ ಬಿಚ್ಚಿದ. ಬೋರ್ಡಿನ ತುಂಬ ಹಸಿರು ಬೂಷ್ಟು. ಮೂಸಿ ನೋಡಿ ಮೂಗು ಸಿಂಡರಿಸಿದ.

"ಏನ್ರೀ ಇದು, ಆಸಿಡ್ ಹಾಕಿ ಬೆಸೆದಿದ್ದೀರಾ? ಇದೇನು ಬಕೆಟ್ಟಾ? ಉಳಿದ ಆಸಿಡ್ಡು ಕೂತಲ್ಲೇ ತಾಮ್ರದ ಗೆರೆಗಳನ್ನ ತಿಂದಿದೆ. ಬಿಸಾಕಿ ಅಲ್ಲಿ." ಪಕ್ಕದಲ್ಲಿದ್ದ ಗಿರಾಕಿಗೂ ತೋರಿಸಿ ನಕ್ಕ. "ನೋಡಿ ಸಾರ್, ಆಸಿಡ್ ಇಂಜಿನಿಯರು!"

ಭಾವ ತಲೆ ತಗ್ಗಿಸಿ ನಿಂತರು. ನಾನು ನಿಲ್ಲಲಿಲ್ಲ. "ನಗೋಕೆ ಕೊಡಲಿಲ್ಲ ಕಣೋ ನಿನಗೆ!" ಅಂತ ಅವನ ಕಾಲರಿಗೆ ಕೈ ಹಾಕಿದೆ. ಗಿರಾಕಿ ಬಿಡಿಸಿದ. ಮೆಟ್ಟಿಲು ಇಳಿದ ಮೇಲೆ ಅದೇ ಬೆಂಕಿ ಭಾವನ ಕಡೆ ತಿರುಗಿತು. ದಾರಿಯುದ್ದ ಬೈದೆ. ಮನೆ ಬಂದರೂ ನಿಲ್ಲಿಸಲಿಲ್ಲ. "ಹೊಳೀತು ಹೊಳೀತು ಅಂತ ಕುಣಿದ್ರಿ, ಈಗ ಅಕ್ಕನ ಕೈ ಏನಾಗ್ಬೇಕು?"

"ಏನಾಯ್ತು ನನ್ನ ಕೈಗೆ?" ಒಳಕೋಣೆಯಿಂದ ಅಕ್ಕನ ದನಿ. "ಇಬ್ಬರೂ ಒಳಗೆ ಬನ್ನಿ. ಡಬ್ಬಿ ತನ್ನಿ."

ತಂದೆವು. ನೋಡಿದಳು. ಕಿರುಚುತ್ತಾಳೆ ಅಂದುಕೊಂಡೆ, ಹಲ್ಲು ಕಚ್ಚಿಕೊಂಡು ಮೆಲ್ಲಗೆ ಕೇಳಿದಳು. ಅದು ಕಿರುಚುವುದಕ್ಕಿಂತ ಕೆಟ್ಟದ್ದು.

"ರೀ, ಚಾರ್ಜಿಗೆ ಹಾಕಿದ್ದೀನಿ ಅಂದ್ರಲ್ಲ, ಕೈ ಬಿದ್ದೋಳಿಗೆ ಬುದ್ಧೀನೂ ಬಿದ್ದಿದೆ ಅಂದ್ಕೊಂಡ್ರಾ?"

"ತಪ್ಪಾಯ್ತು ಕಣೇ."

"ಅದಿರಲಿ. ಅಂಗಡೀಲಿ ಆಸಿಡ್ ಹಾಕಿ ಬೆಸೆದ ಮೇಲೆ ಏನು ಮಾಡ್ತೀರಿ?"

"ತೊಟ್ಟೀಲಿ ಮುಳುಗಿಸ್ತೀನಿ."

"ಇದನ್ನ ಮುಳುಗಿಸಿದ್ರಾ?"

"ಕರೆಂಟಿನ ಸಾಮಾನು ಕಣೇ, ನೀರಿಗೆ ಹೇಗೆ..."

ಅಷ್ಟರಲ್ಲಿ ಭಾವ ಹಣೆ ಚಚ್ಚಿಕೊಂಡರು. ನನಗೂ ಆಗಲೇ ಹೊಳೆದದ್ದು. ಗುಳ್ಳೆ ನೋಡಲು ಅಂತ ಜೀವಮಾನವಿಡೀ ಮುಳುಗಿಸಿದ ನೀರೇ ಆಸಿಡ್ಡನ್ನೂ ತೊಳೆಯುತ್ತಿತ್ತು, ಅದಕ್ಕೇ ಅವರ ರೇಡಿಯೇಟರುಗಳು ಬಾಳುತ್ತಿದ್ದವು. ಬೋರ್ಡಿಗೆ ಆಸಿಡ್ ಹಾಕಲು ಹೆದರದ ಮನುಷ್ಯ ನೀರು ಹಾಕಲು ಹೆದರಿ ಕೂತಿದ್ದರು!

ಭಾವ ಬ್ಯಾಟರಿ ಕಿತ್ತರು, ಪರದೆ ಬಿಚ್ಚಿದರು, ಬೋಗುಣಿಯಲ್ಲಿ ಅಡಿಗೆ ಸೋಡಾ ಕದಡಿದ ನೀರಿಟ್ಟು ಬೋರ್ಡನ್ನು ಮುಳುಗಿಸಿದರು. ನೊರೆ ಎದ್ದಿತು. "ಕೊಂದ್ರಿ, ಪೂರ್ತಿ ಕೊಂದ್ರಿ" ಅಂದೆ ನಾನು. "ಮೊದಲೇ ಸತ್ತಿದ್ದನ್ನ ಮತ್ತೇನೋ ಕೊಲ್ಲೋದು?" ಅಂದಳು ಅಕ್ಕ. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಳ್ಳೆ ನೀರಲ್ಲಿ ಜಾಲಿಸಿ, ಬಿಸಿಲಿಗಿಟ್ಟು, ಮರುದಿನ ಅಂಗಡಿಯ ಬ್ಲೋವರಿನಲ್ಲಿ ಚೆನ್ನಾಗಿ ಒಣಗಿಸಿದರು.

ಹಳೇ ಬೆಸುಗೆಯೆಲ್ಲ ತೆಗೆದು ಪೇಸ್ಟ್ ಹಚ್ಚಿ ಬೆಸೆದದ್ದಾಯಿತು. ಬೆಸುಗೆ ಮಂಕಾಗಿದ್ದರೂ ಭಾವ ಈ ಸಲ ಬಾಟಲಿ ಮುಟ್ಟಲಿಲ್ಲ. ಆದರೆ ಸವೆದುಹೋದ ತಾಮ್ರದ ಗೆರೆಗಳ ಜಾಗಕ್ಕೆ ಕೂದಲಿನಷ್ಟು ಸಣ್ಣ ತಂತಿ ಸೇತುವೆ ಕಟ್ಟಬೇಕು. ಭಾವನ ಒಂದು ಕೈಯಲ್ಲಿ ಕಬ್ಬಿಣ, ಇನ್ನೊಂದರಲ್ಲಿ ಬೆಸುಗೆ. ತಂತಿ ಹಿಡಿಯುವವರು ಬೇಕು. ನಾನು ಚಿಮಟ ಹಿಡಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಕೈ ಗಡಗಡ. ತಂತಿ ಮೂರು ಸಲ ಹಾರಿಹೋಯಿತು.

"ಪಟಾಕಿ, ನೀನು ಆಚೆ ಹೋಗು. ನಾನು ಹಿಡೀತೀನಿ."

"ಅಕ್ಕ, ನಿನ್ನ ಕೈ..."

"ನಿನ್ನ ಕೈಗಿಂತ ವಾಸಿ!"

ದಿಂಬು ಏರಿಸಿ, ಹೊಟ್ಟೆಯ ಮೇಲೆ ದಪ್ಪ ಹಲಗೆ ಇಟ್ಟು, ಅದರ ಮೇಲೆ ಬೋರ್ಡು ಇಟ್ಟೆವು. ಎಡಗೈಗೆ ಚಿಮಟ ಕೊಟ್ಟರೆ ಬಲಗೈಗೆ ಬದಲಾಯಿಸಿಕೊಂಡಳು. ಬೈಕು ಕಲಿಸಿದ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಒತ್ತಿದವು. ಹಣೆಯಲ್ಲಿ ಬೆವರು.

"ಅಲುಗಬೇಡ ಕಣೇ."

"ಅಲುಗ್ತಿರೋದು ನೀವು ರೀ!"

ಒಂದು ತಂತಿ ಕೂತಿತು. ಮಧ್ಯೆ ಮಧ್ಯೆ ನಿಲ್ಲಿಸಿ, ಬೈದುಕೊಂಡು, ಎಲ್ಲ ಕೂತವು. ಬ್ಯಾಟರಿ ಸಿಕ್ಕಿಸಿದರೆ ಪರದೆ ಬೆಳಗಿತು, ಬೈಕಿಗೆ ಎರಡೂ ಚಕ್ರ. ಸದ್ದು ಮಾತ್ರ ಹೋಗಿತ್ತು, ಇವತ್ತಿಗೂ ಬಂದಿಲ್ಲ.

ವ್ಯಾಯಾಮದ ಹುಡುಗಿ ಬಂದಾಗ ನಾನೂ ಅಲ್ಲೇ ಇದ್ದೆ. ಭಾವ ಇಷ್ಟಗಲ ನಗುತ್ತಾ ಡಬ್ಬಿ ತೋರಿಸುತ್ತಿದ್ದರು. ಆ ನಗು ನೋಡಿದ್ದೇ ನನಗೆ ಮತ್ತೆ ತಲೆಗೇರಿತು. "ನಗಿ, ನಗಿ! ಬಾಟಲಿ ಇನ್ನೊಂದು ಸಲ ಹೊಸಿಲು ದಾಟಲಿ, ಅದನ್ನ ನಿಮ್ಮ ತಲೆ ಮೇಲೇ..." ಅಂತ ಶುರು ಮಾಡಿದ್ದೆ, ಮೂತಿಗೆ ಫಟ್ ಅಂತ ಏನೋ ಬಡಿಯಿತು. ನೆಲಕ್ಕೆ ಬಿದ್ದು ಪುಟಿಯಿತು. ಆ ರಬ್ಬರ್ ಚೆಂಡು.

"ನನ್ನ ಗಂಡನ್ನ ಬೈಯೋಕೆ ನಾನಿದ್ದೀನಿ" ಅಂದಳು ಅಕ್ಕ. ಅವಳ ಎಡಗೈ ಡಬ್ಬಿಯ ಮೇಲಿತ್ತು. ಬಲಗೈ ಇನ್ನೂ ಗಾಳಿಯಲ್ಲೇ ಇತ್ತು.

ಮೂಗು ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬಂತು. ಬಗ್ಗಿ ಚೆಂಡು ಎತ್ತಿ, ಮತ್ತೆ ಅದೇ ಕೈಗೆ ಕೊಟ್ಟೆ.