ಮಾಳಿಗೆಯ ಮೇಲೆ ಮೊಳೆತ ಹತ್ತಿ

ಬೈಲಹೊಂಗಲದ ಹಜರತಸಾಬನಿಗೆ ಮಣ್ಣು ತುಳಿಯುವುದೊಂದೇ ಗೊತ್ತಿತ್ತು. ಮಣ್ಣಿಗೆ ಜೋಳದ ಕಣಕಿಯ ಚೂರು ಬೆರೆಸಿ, ನೀರು ಹಾಕಿ ಕೊಳೆಯಲು ಬಿಟ್ಟು, ನಾತ ಹೊಡೆಯತೊಡಗಿದ ಮೇಲೆ ತುಳಿದು ಹದ ಮಾಡಿ ಊರವರ ಮನೆಗಳ ಸಪಾಟು ಮಾಳಿಗೆಗಳ ಮೇಲೆ ಬಡಿಯುತ್ತಿದ್ದ. ನಾರಿಲ್ಲದ ಮಣ್ಣು ಬಿಸಿಲಿಗೆ ಬಿರಿಯುತ್ತದೆ, ಬಿರಿದದ್ದು ಸೋರುತ್ತದೆ. ಅವನ ಮಾಳಿಗೆ ಸೋರುತ್ತಿರಲಿಲ್ಲ. ಸೋರದ ಮಾಳಿಗೆಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲವಾದ್ದರಿಂದ ಅವನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಮಥುರಾಬಾಯಿ ಅವನನ್ನು ಕರೆಸಿದರು. ಅವರ ಗಂಡ ರಘೋತ್ತಮರು ಲಕ್ವ ಹೊಡೆದು ನಡುಮನೆಯಲ್ಲಿ ಮಲಗಿದ್ದರು. ಹೋದ ಮಳೆಗಾಲದಲ್ಲಿ ಹಳೆಯ ಮಾಳಿಗೆ ಸೋರಿ, ಅವರನ್ನು ಎಮ್ಮೆಯ ಕೊಟ್ಟಿಗೆಯ ತಗಡಿನ ಕೆಳಗೆ ಮಲಗಿಸಬೇಕಾಗಿತ್ತು. ಈ ಸಲ ಅದೊಂದು ಬೇಡವೆಂದು ಅವರು ಅಲುಗಾಡುವ ಒಂದೇ ಕೈ ಎತ್ತಿ ಹೆಂಡತಿಯನ್ನು ಬೇಡಿಕೊಂಡಿದ್ದರು.

ಹಜರತಸಾಬ ಕಣಕಿ ಕೇಳಿದ.

“ಎಮ್ಮಿ ಬಾಯಾಗಿಂದು ಕಸಕೊಂಡು ಮಣ್ಣಿಗೆ ಹಾಕ್ಲೇನು? ಹಾಲಿಲ್ಲಂದ್ರ ಇವರ ಹೊಟ್ಟಿಗೇನು?” ಎಂದರು ಮಥುರಾಬಾಯಿ.

ಹತ್ತಿ ಗಿರಣಿಯ ಹಿಂದೆ ಬಿದ್ದಿರುತ್ತಿದ್ದ ಕಸ ಅವನಿಗೆ ನೆನಪಾಯಿತು. ಯಾರಿಗೂ ಬೇಡವಾದ ಗಿಡ್ಡ ಎಳೆಗಳು. ಚಕ್ಕಡಿ ತುಂಬ ತಂದು ಬೆರೆಸಿದ. ಕಣಕಿಗಿಂತ ಮೇಲಾಗಿ ಮಣ್ಣನ್ನು ಹೆಣೆದು ಹಿಡಿಯಿತು. ನಡುನಡುವೆ ಇದ್ದ ಹತ್ತಿಕಾಳುಗಳನ್ನು ಸಿಕ್ಕಷ್ಟು ಆರಿಸಿದ. ಉಳಿದವು ಮಣ್ಣಿನೊಡನೆ ಕೊಳೆಯುತ್ತವೆಂದು ಬಿಟ್ಟ.

ಕೊಳೆಯುವ ಮೊದಲೇ ಕಿತ್ತೂರಿನ ಕಡೆಯಿಂದ ಮೋಡ ಎದ್ದವು.

“ಬಡದ್ ಬಿಡೋ ಹಜರತ.”

“ಇನ್ನೂ ನಾತ ಬಂದಿಲ್ರಿ ಬಾಯಾರ.”

“ನಾತ ಬರೋತನಕ ಇವರ ಮ್ಯಾಲೆ ಛತ್ರಿ ಹಿಡಕೊಂಡು ಕೂಡ್ಲೇನು?”

ಬಡಿದುಬಿಟ್ಟ. ಮೊದಲ ಮಳೆಗೆ ಒಂದು ಹನಿ ಒಳಗಿಳಿಯಲಿಲ್ಲ. ಅಂಗಳದ ಗೂಡಿನಲ್ಲಿ ಅವನಿಗೆಂದೇ ಇಟ್ಟಿದ್ದ ಕಪ್ಪಿನಲ್ಲಿ ಮಥುರಾಬಾಯಿ ಚಹಾ ಕೊಟ್ಟರು.

ವಾರ ಕಳೆಯುವುದರೊಳಗೆ ಮಾಳಿಗೆ ಹಸಿರಾಯಿತು. ಪಕ್ಕದ ಮನೆಯ ಗಂಗಯ್ಯ ತನ್ನ ಮಾಳಿಗೆಯಿಂದ ಕೂಗಿದ: “ಏ ಹಜರತಸಾಬ, ಹತ್ತಿ ಸಾಲಿನಾಗ ಎಡಿಕುಂಟಿ ಹೊಡ್ಯಾಕ ನಮ್ಮ ಎತ್ತು ಬೇಕೇನೋ?”

ಅವನು ಬಗ್ಗಿ ಕೀಳತೊಡಗಿದ. ಸಸಿ ಕಿತ್ತರೆ ಬೇರು ಹೆಂಟೆಯನ್ನೂ ಹಿಡಿದು ಬರುತ್ತಿತ್ತು, ಅಲ್ಲೊಂದು ತೂತು. ತೂತಿಗೆ ತುಂಬಿದ ಮಣ್ಣು ಮಳೆಗೆ ಕರಗುತ್ತಿತ್ತು. ಕೀಳದೆ ಬಿಟ್ಟರೆ ಬೇರು ಜಂತಿಗಳವರೆಗೆ ಇಳಿದು ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲ ಕೆದರಿ ಹೊಸದಾಗಿ ಬಡಿಯೋಣವೆಂದರೆ ದೀಪಾವಳಿಯವರೆಗೆ ಮಣ್ಣು ಆರುವಂತಿರಲಿಲ್ಲ.

“ಹಜರತಸಾಬ,” ರಘೋತ್ತಮರು ಬೆಳಕಿಂಡಿಯ ಕೆಳಗಿನಿಂದ ಸೊಟ್ಟ ಬಾಯಲ್ಲಿ ಕರೆದರು, “ಹತ್ತಿ ಮನ್ಯಾಗ ಬೆಳದದ. ನನಗೊಂದು ಗಾದಿ ಮಾಡಸು.”

ಅವನಿಗೆ ನಗು ಬರಲಿಲ್ಲ. ಮಥುರಾಬಾಯಿ ಮಂಚವನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎಳೆಯುವ ಸದ್ದು ಕೇಳಿಸುತ್ತಿತ್ತು. ಒಂದು ಮುಂಜಾನೆ ಎಳೆಯಲು ಒಣ ಮೂಲೆ ಉಳಿಯಲಿಲ್ಲ.

“ಕೆಳಗ ಬಾ,” ಎಂದರು. “ನನ್ನೊಬ್ಬಾಕಿ ಕೈಲೆ ಆಗೂದಿಲ್ಲ.”

ಆ ನಡುಮನೆಯಲ್ಲಿ ಅವನು ಕಾಲಿಟ್ಟದ್ದು ಅಂದೇ ಮೊದಲು. ಇಬ್ಬರೂ ಮಂಚ ಹೊತ್ತರು. ರಘೋತ್ತಮರು ಬೇಡ ಎನ್ನಲಿಲ್ಲ. ಕೊಟ್ಟಿಗೆಯಲ್ಲಿ ಇಳಿಸಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಎಮ್ಮೆ, ಅವನು ಮೇಲಿನಿಂದ ಕಿತ್ತು ಎಸೆದಿದ್ದ ಸಸಿಗಳನ್ನು ಮೆಲುಕು ಹಾಕುತ್ತಿತ್ತು.

“ದೀಪಾವಳಿ ಆದಮ್ಯಾಲೆ, ಬಾಯಾರ...”

“ಹೂಂ,” ಎಂದರು ಮಥುರಾಬಾಯಿ, ಗಂಡನ ಕಾಲಿಗೆ ಕಂಬಳಿ ಹೊದಿಸುತ್ತ.

ಅವನು ಮತ್ತೆ ನಿಚ್ಚಣಿಕೆ ಹತ್ತಿದ. ಕೆಳಗೆ ಈಗ ಯಾರೂ ಮಲಗಿರಲಿಲ್ಲ. ಆದರೂ ಒಂದು ಸಸಿ ಕಿತ್ತು, ತೂತಿಗೆ ಹಿಡಿ ಮಣ್ಣು ಒತ್ತಿ, ಅದು ಕರಗುವುದನ್ನು ನೋಡುತ್ತ ಕುಳಿತ.