ತುರ್ತು ಮಾರ್ಗದಲ್ಲಿ ಗೋವಿನಜೋಳ

ಖಾಲಿ ರಸ್ತೆ ಕಂಡರೆ ನನಗೆ ಅನುಮಾನ. ನಮ್ಮ ಕಡೆ ರಸ್ತೆ ಸುಮ್ಮನೆ ಖಾಲಿ ಇರುವುದುಂಟೆ?

ಕಲಘಟಗಿ ತಾಲ್ಲೂಕಿನ ನಮ್ಮೂರಲ್ಲಿ ಸಂತೆ ದಿನ ಪೇಟೆ ರಸ್ತೆಯಲ್ಲಿ ಸೈಕಲ್ಲೂ ನುಗ್ಗುವುದಿಲ್ಲ. ಟಂಟಂ, ಟ್ರ್ಯಾಕ್ಟರ್, ಉಳ್ಳಾಗಡ್ಡಿ ರಾಶಿ. ಯಾರದಾದರೂ ಜೀವಕ್ಕೆ ಕುತ್ತು ಬಂದರೆ ಹುಬ್ಬಳ್ಳಿಗೆ ಒಯ್ಯುವುದು ಹೇಗೆ? ಅದಕ್ಕೇ ಮುಂಗಾರಿಗೆ ಮುಂಚೆ ಊರವರೆಲ್ಲ ಮೀಟಿಂಗ್ ಮಾಡಿ, ಕೆರೆದಂಡೆಯ ಹೊಸ ಡಾಂಬರು ರಸ್ತೆಯನ್ನು 'ತುರ್ತು ಮಾರ್ಗ' ಎಂದು ಗೊತ್ತು ಮಾಡಿದೆವು. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಅಂಗಡಿ ಹಚ್ಚುವಂತಿಲ್ಲ. ಬೋರ್ಡೂ ಬಂತು.

ಎಲ್ಲರಿಗಿಂತ ಮೊದಲು ಕೈ ಎತ್ತಿದವರು ನಮ್ಮ ಅಕ್ಕನ ಗಂಡ, ಶಿವಪ್ಪ ಮಾಮಾ. (ಗಣಪತಿಗೆ ಚಂದಾ ಪಟ್ಟಿ ಎತ್ತುವಾಗ ಇದೇ ಮನುಷ್ಯ ಮನೆಯಲ್ಲೇ ಇರುವುದಿಲ್ಲ.) ಆಗಲೇ ನನ್ನ ಕಿವಿ ನೆಟ್ಟಗಾಯಿತು.

"ಏನ್ರಿ ಮಾಮಾ, ಊರ ಮ್ಯಾಲೆ ಇಷ್ಟ್ಯಾಕ ಕಾಳಜಿ?" ಎಂದೆ.

"ಮಂದಿ ಜೀವದ ಮಾತದು. ನಿನಗ ಎಲ್ಲಾದ್ರಾಗೂ ಸಂಶೇನ" ಎಂದು ನನ್ನ ಬಾಯಿ ಮುಚ್ಚಿಸಿದರು.

ಹೋದ ಸಂತೆ ದಿನ ಅಕ್ಕನಿಗೇ ಎದೆ ಹಿಡಿದುಕೊಂಡಿತು. ಮಾಮಾ ಸಂತೆಯ ಗದ್ದಲದಲ್ಲಿ ಫೋನ್ ಎತ್ತಲಿಲ್ಲ. ಅಕ್ಕನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ನೇರ ತುರ್ತು ಮಾರ್ಗಕ್ಕೆ ತಿರುಗಿಸಿದೆ. ಒಂದು ಗಾಡಿ ಇಲ್ಲ, ಒಂದು ಅಂಗಡಿ ಇಲ್ಲ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಗೋವಿನಜೋಳ, ಒಣಗಲು ಹರವಿದ್ದು. ಯಾರೂ ಕಾಳು ತುಳಿಯದಿರಲಿ ಎಂದು ಅಡ್ಡಕ್ಕೆ ಕಲ್ಲು ಬೇರೆ.

ಗಾಡಿ ಬಾರದ ಸ್ವಚ್ಛ ಡಾಂಬರು, ದಿನವಿಡೀ ಬಿಸಿಲು. ಇದಕ್ಕಿಂತ ಒಳ್ಳೆ ಕಣ ಎಲ್ಲಿ ಸಿಕ್ಕೀತು, ಹೇಳಿ?

ಇಳಿದು ಕಲ್ಲು ಎತ್ತಿ ಒಗೆದೆ. ಸಿಟ್ಟು ಅರ್ಧ, ಹೆದರಿಕೆ ಅರ್ಧ.

"ಕಾಳಿನ ಮ್ಯಾಲೆ ಹಾಯಿಸಬ್ಯಾಡೋ ತಮ್ಮಾ" ಎಂದಳು ಅಕ್ಕ, ಉಸಿರು ಎಳೆಯುತ್ತಲೇ.

"ಯಾಕ?"

"ನಮ್ಮವ ಅವು."

ಹಾಯಿಸಿದೆ.

ಅಕ್ಕ ಉಳಿದಳು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸುದ್ದಿ ತಿಳಿದು ಓಡಿ ಬಂದ ಮಾಮಾ, "ಹೆಂಗದಾಳ?" ಎಂದು ಕೇಳಿ, ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜದ್ದೇ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ಯಾವ ರಸ್ತೇಲೆ ಬಂದ್ರಿ?"

ಈ ವಾರ ಮತ್ತೆ ಮೀಟಿಂಗ್. ಊರು ಬೆಳೆದಿದೆ, ಒಂದೇ ತುರ್ತು ಮಾರ್ಗ ಸಾಲದು, ಇನ್ನೊಂದು ಬೇಕು ಎಂದು ಮಾಮಾ ಎದ್ದು ನಿಂತರು. ನಾನು ಕೇಳಿದ್ದು ಇಷ್ಟೇ:

"ಹಿಂಗಾರಿ ಪೀಕಿಗೇನ್ರಿ, ಮಾಮಾ?"